ಶಲ್ಯವೋ, ಶಾಲೋ?

ಪ್ರಶ್ನೆ: ತಂದೆಯವರ ಮೊದಲ ವರ್ಷದ ಶ್ರಾದ್ಧ ಕಳೆದ ತಿಂಗಳು ಆಯಿತು. ಪುರೋಹಿತರು ‘ಶಲ್ಯ ಹಾಕಿಕೊಳ್ಳಿ’ ಎಂದಾಗ, ತಂದೆಯವರ ನಿವೃತ್ತಿಯ ದಿನ ಅವರಿಗೆ ಹೊದಿಸಿದ್ದ ಉಣ್ಣೆ ಶಾಲನ್ನು ಹೊದ್ದು ಕೂತೆ. ಊಟದ ಹೊತ್ತಿಗೆ ನೆಂಟರೊಬ್ಬರು ‘ಶಾಲು ಹೊದ್ದು ಮಾಡಿದ ಶ್ರಾದ್ಧ ಪಿತೃಗಳಿಗೆ ಮುಟ್ಟೋದಿಲ್ಲ’ ಎಂದುಬಿಟ್ಟರು. ಅಂದಿನಿಂದ ಅಮ್ಮನಿಗೆ ನೆಮ್ಮದಿಯಿಲ್ಲ. ಮತ್ತೆ ಮಾಡಬೇಕೇ?
— ಓದುಗರೊಬ್ಬರು, ಅಜ್ಜಂಪುರ

ಉತ್ತರ: ಮತ್ತೆ ಮಾಡಬೇಕಿಲ್ಲ. ಮೊದಲು ಇದನ್ನು ತಾಯಿಯವರಿಗೆ ಓದಿ ಹೇಳಿ, ಆಮೇಲೆ ಮುಂದಿನದು.

ಶಲ್ಯ, ಶಾಲು ಎರಡೂ ಬೇರೆಯೇ. ಶಾಲು ಪಾರಸಿಯಿಂದ ಬಂದ ಮಾತು, ಚಳಿಗೆ ಹೊದೆಯುವ ದಪ್ಪ ಬಟ್ಟೆ. ಈಗ ಸನ್ಮಾನಕ್ಕೂ ಅದೇ. ಶಲ್ಯವೆಂದರೆ ಪಂಚೆಯ ಜೋಡಿಯಾಗಿ ಬರುವ ತೆಳು ಮೇಲುವಸ್ತ್ರ. ನಮ್ಮ ಬುಕ್ಕಾಂಬುಧಿ ಕಡೆಯ ಹಿರಿಯರ ಬಾಯಲ್ಲಿ ‘ಶೆಲ್ಯ’. ಸಂಸ್ಕೃತದಲ್ಲಿ ಶಲ್ಯ ಅಂದರೆ ಬಾಣದ ಮೊನೆ, ಮುಳ್ಳು. ಇಲ್ಲವೇ ಮಾದ್ರಿಯ ಅಣ್ಣ. ಬಟ್ಟೆಯ ಅರ್ಥ ಅಲ್ಲಿಲ್ಲ. ಶಾಸ್ತ್ರದಲ್ಲಿ ಅದಕ್ಕೆ ಉತ್ತರೀಯ ಎಂದು ಹೆಸರು.

ಹೆಸರುಗಳ ಗೊಂದಲ ನಿಮಗೊಬ್ಬರಿಗೇ ಅಲ್ಲ. ಅಮರಕೋಶದಲ್ಲಿ ‘ಸಂವ್ಯಾನ’ ಮೇಲೆ ಹೊದೆಯುವುದು, ‘ಉಪಸಂವ್ಯಾನ’ ಸೊಂಟಕ್ಕೆ ಉಡುವುದು. ಪಾಠಶಾಲೆಯಲ್ಲಿ ನಾನು ಇದನ್ನು ತಿರುಗಾಮುರುಗಾ ಹೇಳಿ, ‘ಪಂಚೆ ತಲೆಗೆ ಸುತ್ತಿಕೊಂಡು ಬಾ’ ಎಂದು ಗುರುಗಳ ಕೈಲಿ ಬೈಸಿಕೊಂಡಿದ್ದೇನೆ.

ಇನ್ನು ಕರ್ಮಕ್ಕೆ ಉತ್ತರೀಯ ಏಕೆ? ಒಂದೇ ಬಟ್ಟೆಯಲ್ಲಿ, ಅಂದರೆ ಏಕವಸ್ತ್ರದಲ್ಲಿ, ದೇವಕಾರ್ಯ, ಪಿತೃಕಾರ್ಯ, ಭೋಜನ ಕೂಡದು ಎಂಬುದು ಸಾಮಾನ್ಯ ನಿಯಮ. ಆಪಸ್ತಂಬ ಧರ್ಮಸೂತ್ರವು ಗೃಹಸ್ಥನಿಗೆ ಸದಾ ಮೇಲುವಸ್ತ್ರ ಇರಬೇಕೆಂದು ಹೇಳಿ, ಅದರ ಬೆನ್ನಲ್ಲೇ ಉಪವೀತಕ್ಕೆ ಬರೀ ದಾರವಾದರೂ ಆದೀತು ಎನ್ನುತ್ತದೆ. ಇಲ್ಲೇ ವಿಷಯ ಇರೋದು. ‘ಉಪವೀತ’ ಎಂದರೆ ನಾವು ದಾರ ಎಂದುಕೊಂಡುಬಿಟ್ಟಿದ್ದೇವೆ. ಅದು ಮೂಲದಲ್ಲಿ ಧರಿಸುವ ರೀತಿಯ ಹೆಸರು. ತೈತ್ತಿರೀಯ ಆರಣ್ಯಕದಲ್ಲಿ ಜಿಂಕೆಯ ಚರ್ಮವನ್ನೋ ಬಟ್ಟೆಯನ್ನೋ ಹಾಗೆ ಧರಿಸುವ ಮಾತಿದೆ. ಎಡಭುಜದ ಮೇಲಿದ್ದರೆ ಉಪವೀತ, ದೇವತೆಗಳಿಗೆ. ಬಲಭುಜದ ಮೇಲಿದ್ದರೆ ಪ್ರಾಚೀನಾವೀತ, ಪಿತೃಗಳಿಗೆ. ಮಾಲೆಯ ಹಾಗೆ ಕೊರಳಲ್ಲಿದ್ದರೆ ನಿವೀತ, ಮನುಷ್ಯರಿಗೆ. ಗೃಹಸ್ಥರು ಎರಡು ಜನಿವಾರದ ಜೊತೆ ಮೂರನೆಯದನ್ನು ಹಾಕಿಕೊಳ್ಳುವುದು ಉತ್ತರೀಯದ ಬದಲಿಗೆ. ತಂದೆ ಬದುಕಿರುವವರು ಆ ಮೂರನೆಯದನ್ನು ಹಾಕಿಕೊಳ್ಳದ ಮನೆತನಗಳೂ ಇವೆ. ನಿಮಗೀಗ ಆ ಅಡ್ಡಿಯಿಲ್ಲ.

ಆದ್ದರಿಂದ ಪುರೋಹಿತರು ‘ಅಪಸವ್ಯ’ ಎಂದಾಗ ನೀವು ಜನಿವಾರ ಬಲಕ್ಕೆ ಹಾಕಿಕೊಂಡಿದ್ದೀರಿ, ‘ಸವ್ಯ’ ಎಂದಾಗ ಎಡಕ್ಕೆ ತಂದಿದ್ದೀರಿ ಅಂತಾದರೆ ಕರ್ಮಕ್ಕೆ ಲೋಪ ಬಂದಿಲ್ಲ. ಉಣ್ಣೆಯೂ ದೋಷವಲ್ಲ. ಮಡಿಗೆ ಧಾಬಳಿ ಉಡುತ್ತಿದ್ದ ಅಜ್ಜಿಯರನ್ನು ನಿಮ್ಮ ನೆಂಟರೂ ನೋಡಿರಬೇಕು.

ಹಾಗಾದರೆ ಶಾಲು ಏಕೆ ಬೇಡ ಅನ್ನುವುದು? ಅದು ಎರಡೂ ಭುಜ ಮುಚ್ಚಿಬಿಡುತ್ತದೆ. ಸವ್ಯ, ಅಪಸವ್ಯ ಮಾಡುವಾಗ ಜನಿವಾರದ ಜೊತೆ ಉತ್ತರೀಯವನ್ನೂ ಭುಜ ಬದಲಿಸುವುದು ಪದ್ಧತಿ. ದಪ್ಪ ಶಾಲು ಹಾಗೆ ನಿಲ್ಲೋದಿಲ್ಲ, ತರ್ಪಣದ ನೀರಿಗೆ ಜಾರುತ್ತದೆ. ಮದುವೆಯಲ್ಲೂ ಅಷ್ಟೆ, ಈಚೆಗೆ ವರನಿಗೆ ಜರಿ ಶಾಲು ಹೊದಿಸಿ ಕರೆತರುತ್ತಾರೆ, ಆಮೇಲೆ ಸೆರಗಿಗೆ ಗಂಟು ಹಾಕಲು ಹೋದರೆ ಗಂಟೇ ಕೂರುವುದಿಲ್ಲ. ಸನ್ಮಾನದ ಶಾಲುಗಳಲ್ಲಿ ಈಗ ಬಹಳಷ್ಟು ನೈಲಾನ್ ಬೇರೆ; ಅದನ್ನು ಹೊದ್ದು ಹೋಮದ ಬೆಂಕಿಯ ಹತ್ತಿರ ಕೂರಬೇಡಿ.

ಮುಂದಿನ ತಿಥಿಗೆ ಸುಮಾರು ಎರಡು ಗಜದ ಹತ್ತಿ ಶಲ್ಯ ತಂದು, ಒಗೆದು, ಮಡಿಯಲ್ಲಿ ಒಣಗಿಸಿಡಿ. ಆ ನೆಂಟರ ಜೊತೆ ವಾದಕ್ಕೆ ಹೋಗಬೇಡಿ, ಅಂದು ಅವರನ್ನೂ ಕರೆಯಿರಿ. ತಂದೆಯವರ ಶಾಲನ್ನು ಪೆಟ್ಟಿಗೆಯಲ್ಲಿಡದೆ ಅಮ್ಮನವರಿಗೆ ಕೊಡಿ. ಚಳಿಗೆ ಅವರು ಹೊದೆಯಲಿ.