ಕಾರ್ಮಿಕ ನ್ಯಾಯಾಲಯದಲ್ಲಿ ಸೋತು ಕಲಿತದ್ದು

ಬೆಂಗಳೂರಿನಲ್ಲಿ ಒಮ್ಮೆ ಕಾರ್ಮಿಕರ ಪರ, ಇನ್ನೊಮ್ಮೆ ಆಡಳಿತ ವರ್ಗದ ಪರ ವಕಾಲತ್ತು ಹಾಕುತ್ತ ಬಂದವನು ನಾನು. ಎರಡೂ ಕಡೆ ನಿಂತು ಸೋತಿದ್ದೇನೆ. ಗೆದ್ದ ಕೇಸುಗಳು ಯಾಕೆ ಗೆದ್ದವೋ ಈಗಲೂ ಸರಿಯಾಗಿ ಹೇಳಲಾರೆ; ಸೋತವುಗಳ ಕಾರಣ ಮಾತ್ರ ಗೊತ್ತು.

1. ಮೊದಲು ತಾರೀಖು ಕೇಳಿ

ಕೆಲಸ ಕಳೆದುಕೊಂಡವರು ಬಂದರೆ ‘ಯಾಕೆ ತೆಗೆದರು?’ ಎಂದು ಶುರು ಮಾಡುತ್ತಿದ್ದೆ. ಕೇಳಬೇಕಾಗಿದ್ದದ್ದು ‘ಯಾವತ್ತು?’ ಎಂದು. ಕೈಗಾರಿಕಾ ವಿವಾದ ಕಾಯ್ದೆಗೆ ಕರ್ನಾಟಕ ಸೇರಿಸಿದ್ದ 10(4-ಎ) ಪ್ರಕಾರ, ವಜಾ ಆದವರು ಆರು ತಿಂಗಳೊಳಗೆ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಬರಬಹುದಿತ್ತು. ನಾನೋ, ಕಕ್ಷಿದಾರನ ಆಸ್ಪತ್ರೆ ‘ಕೈಗಾರಿಕೆ’ ಹೌದೋ ಅಲ್ಲವೋ ಎಂದು 1978ರ ಬೆಂಗಳೂರು ಜಲಮಂಡಳಿ ತೀರ್ಪಿನಲ್ಲಿ ಏಳು ನ್ಯಾಯಮೂರ್ತಿಗಳ ಮಾತನ್ನೂ ಸವಿಯುತ್ತ ಕೂತೆ. ಅಷ್ಟರಲ್ಲಿ ಆರು ತಿಂಗಳು ಮುಗಿದಿತ್ತು. ಆಮೇಲೆ ಸಂಧಾನಾಧಿಕಾರಿ, ಸರ್ಕಾರದ ರೆಫರೆನ್ಸ್ ಎಂಬ ಸುತ್ತುದಾರಿ. 2010ರ ಕೇಂದ್ರ ತಿದ್ದುಪಡಿ ಮೂರು ವರ್ಷದ ಅವಕಾಶ ಕೊಟ್ಟಿತು. ಈಗ ಆ ಕಾಯ್ದೆಯ ಜಾಗಕ್ಕೆ ಬಂದಿರುವ ಹೊಸ ಸಂಹಿತೆಯಲ್ಲಿ ಸಂಧಾನಕ್ಕೇ ಎರಡು ವರ್ಷದ ಗಡಿ.

2. ಹಾಜರಿ ಪುಸ್ತಕ ಎದುರಾಳಿಯ ಬೀರುವಿನಲ್ಲಿದೆ

ದಿನಗೂಲಿಯವರ ಕೇಸಿನಲ್ಲಿ ಎಲ್ಲವೂ ವರ್ಷದಲ್ಲಿ 240 ದಿನ ದುಡಿದರೋ ಇಲ್ಲವೋ ಎಂಬುದರ ಮೇಲೆ ನಿಂತಿರುತ್ತದೆ. ‘ನನ್ನ ಕಕ್ಷಿದಾರ ಪ್ರಮಾಣ ಮಾಡಿ ಹೇಳಿದ್ದಾನಲ್ಲ’ ಎಂದು ವಾದಿಸಿದೆ. ಎದುರಿನವರು 2002ರ ಹಾದಿಮನಿ ತೀರ್ಪು ತೆಗೆದರು: 240 ದಿನ ದುಡಿದದ್ದನ್ನು ರುಜುವಾತು ಮಾಡುವ ಹೊಣೆ ಕಾರ್ಮಿಕನದು, ಬರೀ ಅಫಿಡವಿಟ್ ಸಾಲದು. ಅದೂ ನಮ್ಮ ರಾಜ್ಯದ ಅರಣ್ಯ ಇಲಾಖೆಯ ಪ್ರಕರಣವೇ, ನಾನು ಓದಿರಲಿಲ್ಲ. ಬಾಯಿ ಕಟ್ಟಿತು. 2005ರಲ್ಲಿ ಸುಪ್ರೀಂ ಕೋರ್ಟ್ ಯಲ್ಲಟ್ಟಿ ಪ್ರಕರಣದಲ್ಲಿ ಸ್ವಲ್ಪ ಉಸಿರಾಡಲು ಜಾಗ ಕೊಟ್ಟಿತು. ಕಾರ್ಮಿಕ ಕಟಕಟೆಗೆ ಹತ್ತಿ ಸಾಕ್ಷಿ ಹೇಳಬೇಕು, ಮಸ್ಟರ್ ರೋಲ್ ಹಾಜರುಪಡಿಸಿ ಎಂದು ಕೇಳಬೇಕು; ಕೇಳಿದ್ದನ್ನು ತರದಿದ್ದರೆ ಸಂದರ್ಭ ನೋಡಿ ಮಾಲೀಕನ ವಿರುದ್ಧ ಊಹೆ ಮಾಡಬಹುದು. ಅಂದಿನಿಂದ ದಾಖಲೆ ಕೇಳುವ ಅರ್ಜಿಯನ್ನು ಮೊದಲೇ ಹಾಕುತ್ತೇನೆ. ಬಸ್ ಪಾಸು, ಇಎಸ್‌ಐ ಚೀಟಿ, ಗೇಟ್ ಪಾಸು, ಏನಿದ್ದರೂ ತನ್ನಿ ಎನ್ನುತ್ತೇನೆ. ಜನ ನಗುತ್ತಾರೆ, ಆದರೆ ತರುತ್ತಾರೆ.

3. ‘ಸೂಪರ್‌ವೈಸರ್’ ಅಂದ ಮಾತ್ರಕ್ಕೆ ಅಲ್ಲ

ಇದು ಆಡಳಿತ ವರ್ಗದ ಪರ ತಿಂದ ಪೆಟ್ಟು. ನೇಮಕಾತಿ ಪತ್ರದಲ್ಲಿ ‘ಸೂಪರ್‌ವೈಸರ್’ ಎಂದಿತ್ತು, ಸಂಬಳ ಆಗಿನ ಹತ್ತು ಸಾವಿರದ ಮಿತಿ ದಾಟಿತ್ತು. ಕಾರ್ಮಿಕನೇ ಅಲ್ಲ, ಕೇಸು ನಿಲ್ಲದು ಎಂದು ಕಂಪನಿಯವರಿಗೆ ಧೈರ್ಯ ತುಂಬಿದ್ದೆ. ಪಾಟೀಸವಾಲಿನಲ್ಲಿ ನಮ್ಮ ಎಚ್‌ಆರ್ ಸಾಕ್ಷಿಗೆ ಬಂದ ಪ್ರಶ್ನೆ: ಇವರು ಯಾರಿಗಾದರೂ ರಜೆ ಮಂಜೂರು ಮಾಡಿದ್ದುಂಟೇ? ಇಲ್ಲ. ಮೆಮೊ? ಇಲ್ಲ. ಹಾಗಾದರೆ ಏನು ಮಾಡುತ್ತಿದ್ದರು? ಗಂಟೆಗೆ ಎಷ್ಟು ಪೀಸ್ ಆಯಿತೆಂದು ಬರೆದುಕೊಳ್ಳುತ್ತಿದ್ದರು. ಅಲ್ಲಿಗೆ ಮುಗಿಯಿತು. ಈಗ ಮಿತಿ ಹದಿನೆಂಟು ಸಾವಿರ, ಪ್ರಶ್ನೆ ಅದೇ.

4. ರಾಜಿ ಬೇಡ ಎನ್ನುವ ಮೊದಲು ಅವರ ಮನೆ ಬಾಡಿಗೆ ಕೇಳಿ

ಗಾರ್ಮೆಂಟ್ಸ್‌ನ ಒಬ್ಬ ಟೈಲರ್‌ಗೆ ಕಾರ್ಖಾನೆಯವರು ಒಂದು ಮೊತ್ತ ಕೊಡಲು ಬಂದಿದ್ದರು. ‘ಬೇಡಮ್ಮ, ಗೆಲ್ಲುತ್ತೇವೆ’ ಎಂದೆ. ಗೆದ್ದೆವು ಕೂಡ: ಮರುನೇಮಕ, ಅರ್ಧ ಹಿಂಬಾಕಿ ವೇತನ. ಕಾರ್ಖಾನೆಯವರು ಹೈಕೋರ್ಟಿಗೆ ಹೋದರು. ಅಲ್ಲಿ ಕೇಸು ಮುಗಿಯುವವರೆಗೆ ಕೊನೆಯ ಸಂಬಳ ಕೊಡಿಸುವ 17-ಬಿ ಕಲಂ ಆಗಿನ ಕೈಗಾರಿಕಾ ವಿವಾದ ಕಾಯ್ದೆಯಲ್ಲಿತ್ತು, ಆದರೆ ಬೇರೆಲ್ಲೂ ಕೆಲಸದಲ್ಲಿಲ್ಲ ಎಂದು ಆಕೆ ಅಫಿಡವಿಟ್ ಕೊಡಬೇಕಿತ್ತು. ಆಕೆ ಆಗಲೇ ಇನ್ನೊಂದು ಘಟಕ ಸೇರಿದ್ದರು. ಮಕ್ಕಳಿದ್ದವರು ಇನ್ನೇನು ಮಾಡಿಯಾರು? ಕಡೆಗೆ ಮೊದಲು ಬಂದ ಮೊತ್ತಕ್ಕಿಂತ ಕಡಿಮೆಗೆ ಸಹಿ ಹಾಕಿದರು. ನನ್ನನ್ನು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು.

5. ಹಳೆಯ ಪುಸ್ತಕ ನಾಲಿಗೆ ಬಿಡುವುದಿಲ್ಲ

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೆಲಸ ಬಿಟ್ಟವರ ವೇತನ ಬಾಕಿ ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಆಗಬೇಕು, ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ. ಓದಿದ್ದೇನೆ, ಗೆರೆ ಎಳೆದಿದ್ದೇನೆ. ಆದರೂ ಅಂಥ ನೌಕರರ ಬಗ್ಗೆ ಕೇಳಿದ ಒಬ್ಬ ಸಣ್ಣ ಘಟಕದ ಮಾಲೀಕರಿಗೆ ‘ಐದು ವರ್ಷ ಆಗಬೇಕಲ್ಲ ಸರ್’ ಎಂದುಬಿಟ್ಟು, ಸಂಜೆ ನಾನೇ ಫೋನ್ ಮಾಡಿ ತಿದ್ದಿಕೊಂಡೆ.