ಬಸಳಿ ತಿನ್ನಿ, ಗುಳಿಗೆಯನ್ನೂ ನುಂಗಿ

ರಾಯಚೂರು ಜಿಲ್ಲೆಯ ಬಾಗಲವಾಡ, ಕವಿತಾಳ, ಮಾನ್ವಿ, ದೇವದುರ್ಗದ ಕಡೆಯಿಂದ ಬಸಳಿ ಸೊಪ್ಪಿನ ಬಗ್ಗೆ ಬಂದ ಪತ್ರಗಳನ್ನು ಈ ವಾರ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬೇಸಿಗೆಯಲ್ಲಿ ಪಾಲಕ್, ಮೆಂತ್ಯ ಬಾಡಿ ಹೋದ ಮೇಲೂ ನಮ್ಮ ಭಾಗದ ಹಿತ್ತಲಲ್ಲಿ ಹಸಿರಾಗಿ ಉಳಿಯುವ ಬಳ್ಳಿ ಇದು. ತಿನ್ನಬೇಕಾದ ಸೊಪ್ಪೇ. ಆದರೆ ಜನ ಅದರ ಮೇಲೆ ಹೊರಿಸಿರುವ ಭಾರ ಬಹಳ.

ಪ್ರಶ್ನೆ: ನನ್ನ ಸೊಸೆಗೆ ಈಗ ಐದು ತಿಂಗಳು. ರಕ್ತ 8.4 ಇದೆ ಎಂದು ಆಸ್ಪತ್ರೆಯಲ್ಲಿ ಕೆಂಪು ಗುಳಿಗೆ ಕೊಟ್ಟಿದ್ದಾರೆ. ನುಂಗಿದರೆ ಹೊಟ್ಟೆ ತೊಳಸುತ್ತದೆ, ಸಂಡಾಸು ಕಪ್ಪಗೆ ಆಗುತ್ತದೆ. ಗುಳಿಗೆಯಿಂದ ಕೂಸು ಕಪ್ಪಾಗುತ್ತದೆ, ದಪ್ಪ ಬೆಳೆದು ಹೆರಿಗೆ ಕಷ್ಟವಾಗುತ್ತದೆ ಎಂದು ಓಣಿಯವರು ಹೇಳಿದ್ದರಿಂದ ನಿಲ್ಲಿಸಿದ್ದೇವೆ. ಹಿತ್ತಲಲ್ಲಿ ಬಸಳಿ ಬಳ್ಳಿ ಇದೆ. ದಿನಾ ಪಲ್ಯ ಮಾಡಿ ಹಾಕುತ್ತಿದ್ದೇನೆ, ಬೀಟ್‌ರೂಟನ್ನೂ ಕೊಡುತ್ತೇನೆ. ಸಾಕಾಗುತ್ತದೆಯೇ?
– ಒಬ್ಬ ಅತ್ತೆ, ಬಾಗಲವಾಡ

ಉತ್ತರ: ಸಾಕಾಗುವುದಿಲ್ಲ ತಾಯಿ. ಸೊಸೆಯ ಮೇಲಿನ ನಿಮ್ಮ ಕಾಳಜಿ ಪತ್ರದಲ್ಲೇ ಕಾಣುತ್ತದೆ. ಅದಕ್ಕಾಗಿಯೇ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ: ಗುಳಿಗೆಯನ್ನು ಇವತ್ತಿನಿಂದಲೇ ಮತ್ತೆ ಶುರು ಮಾಡಿ.

ಗರ್ಭಿಣಿಗೆ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 7ರಿಂದ 9.9ರ ನಡುವೆ ಇದ್ದರೆ ಮಧ್ಯಮ ಮಟ್ಟದ್ದು. 7ರ ಕೆಳಗೆ ಹೋದರೆ ಅಪಾಯ. ನಿಮ್ಮ ಸೊಸೆ ನಡುವಿನ ಮೆಟ್ಟಿಲಲ್ಲಿದ್ದಾಳೆ, ಹೆರಿಗೆಗೆ ಇನ್ನು ನಾಲ್ಕು ತಿಂಗಳಷ್ಟೇ ಉಳಿದಿದೆ. ಹೆರಿಗೆಯಲ್ಲಿ ರಕ್ತ ಹೋಗುವುದು ಸಹಜ. ಮೈಯಲ್ಲಿ ರಕ್ತ ಇದ್ದವಳು ಅದನ್ನು ತಡೆದುಕೊಳ್ಳುತ್ತಾಳೆ, ಮೊದಲೇ ಕಡಿಮೆ ಇದ್ದವಳು ಸ್ವಲ್ಪ ಹೋದರೂ ಕುಸಿಯುತ್ತಾಳೆ. ರಾತ್ರೋರಾತ್ರಿ ರಾಯಚೂರಿಗೆ ಗಾಡಿ ಹುಡುಕುವ ಪಾಳಿ ಆಗ ಬರುತ್ತದೆ.

ಈಗ ಲೆಕ್ಕ ನೋಡಿ. ಗರ್ಭಿಣಿಗೆ ದಿನಕ್ಕೆ 27 ಮಿಲಿಗ್ರಾಂ ಕಬ್ಬಿಣ ಬೇಕು ಎಂದು ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳಿದೆ. ಒಂದು ಹಿಡಿ ಬಸಳಿಯಲ್ಲಿರುವುದು ಕೆಲವೇ ಮಿಲಿಗ್ರಾಂ, ಸೊಪ್ಪಿನ ಕಬ್ಬಿಣದಲ್ಲಿ ಮೈಗೆ ಹತ್ತುವುದು ಅದರಲ್ಲೂ ಸಣ್ಣ ಪಾಲು. ಒಂದು ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಬೀಟ್‌ರೂಟಿನ ಬಣ್ಣ ಕೆಂಪು ಎಂದ ಮಾತ್ರಕ್ಕೆ ಅದು ರಕ್ತವಾಗುವುದಿಲ್ಲ. ಆ ಬಣ್ಣಕ್ಕೂ ರಕ್ತದ ಬಣ್ಣಕ್ಕೂ ಯಾವ ಸಂಬಂಧವೂ ಇಲ್ಲ. ಈ ಒಂದು ನಂಬಿಕೆಯಿಂದ ಗುಳಿಗೆ ಬಿಟ್ಟು, ಒಂಬತ್ತನೇ ತಿಂಗಳಲ್ಲಿ ಏದುಸಿರು ಬಿಡುತ್ತಾ ಬರುವ ಹೆಣ್ಣುಮಕ್ಕಳನ್ನು ನೋಡಿ ನೋಡಿ ನನಗೆ ಸಿಟ್ಟು ಬರುತ್ತದೆ.

ಕೂಸಿನ ಬಣ್ಣ ತಂದೆ ತಾಯಿಯಿಂದ ಬರುತ್ತದೆ, ಗುಳಿಗೆಯಿಂದಲ್ಲ. ಗುಳಿಗೆ ನುಂಗಿದರೆ ಕೂಸು ಹೆರಿಗೆಗೆ ಅಡ್ಡಿಯಾಗುವಷ್ಟು ದಪ್ಪ ಬೆಳೆಯುತ್ತದೆ ಎಂಬುದೂ ಸುಳ್ಳು. ತಾಯಿಗೆ ರಕ್ತ ಕಡಿಮೆ ಇದ್ದರೆ ಕೂಸು ತೂಕ ಕಡಿಮೆಯಾಗಿ, ದಿನ ತುಂಬುವ ಮೊದಲೇ ಹುಟ್ಟುವ ಭಯ ಇದೆ. ಸಂಡಾಸು ಕಪ್ಪಾಗುವುದು ಮೈಗೆ ಹತ್ತದೆ ಉಳಿದ ಕಬ್ಬಿಣದಿಂದ, ಅದಕ್ಕೆ ಹೆದರಬೇಡಿ. ಹೊಟ್ಟೆ ತೊಳಸಿದರೆ ರಾತ್ರಿ ಊಟವಾದ ಮೇಲೆ ಮಲಗುವ ಮುಂಚೆ ನುಂಗಲಿ. ಲಿಂಬೆಹಣ್ಣಿನ ಪಾನಕದ ಜೊತೆ ನುಂಗಿದರೆ ಇನ್ನೂ ಒಳ್ಳೆಯದು. ಚಹಾ, ಹಾಲು, ಕ್ಯಾಲ್ಸಿಯಂ ಗುಳಿಗೆ ಇವು ಯಾವುವೂ ಅದರ ಜೊತೆ ಬೇಡ. ಊಟವಾದ ತಕ್ಷಣ ಚಹಾ ಕುಡಿಯುವ ನಮ್ಮ ರೂಢಿ ತಿಂದ ಕಬ್ಬಿಣವನ್ನು ಹಾಳು ಮಾಡುತ್ತದೆ, ಒಂದು ತಾಸಾದರೂ ತಡೆಯಿರಿ.

8.4 ಇರುವವರಿಗೆ ದಿನಕ್ಕೆ ಸಾಮಾನ್ಯವಾಗಿ ಎರಡು ಗುಳಿಗೆ ಹೇಳುತ್ತೇವೆ. ನಿಮ್ಮ ಸೊಸೆಗೆ ಎಷ್ಟು ಎಂದು ಆಶಾ ಕಾರ್ಯಕರ್ತೆಯ ಮೂಲಕ ವೈದ್ಯರನ್ನು ಕೇಳಿ ಖಚಿತ ಮಾಡಿಕೊಳ್ಳಿ. ತಿಂಗಳಾದ ಮೇಲೆ ರಕ್ತ ಮತ್ತೆ ಪರೀಕ್ಷೆ ಮಾಡಿಸಲೇಬೇಕು. ಕನಿಷ್ಠ ಒಂದು ಗ್ರಾಂ ಏರದಿದ್ದರೆ ಕಾರಣ ಹುಡುಕಬೇಕು: ಹೊಟ್ಟೆಯಲ್ಲಿ ಜಂತು, ಬಿ12 ಕೊರತೆ, ವಂಶದಿಂದ ಬರುವ ರಕ್ತದ ತೊಂದರೆ. ರಕ್ತನಾಳಕ್ಕೆ ಕಬ್ಬಿಣದ ಸಲಾಯಿನ್ ಹಾಕುವ ದಾರಿಯೂ ಇದೆ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರೇ ಉಚಿತವಾಗಿ ತಪಾಸಣೆ ಮಾಡುತ್ತಾರೆ. ಆ ದಿನ ತಪ್ಪಿಸಬೇಡಿ. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಬಿಸಿಯೂಟ ಇದ್ದೇ ಇದೆ, ಸಂಕೋಚವಿಲ್ಲದೆ ಕಳಿಸಿ.

ಬಸಳಿ ಪಲ್ಯ ನಿಲ್ಲಿಸಿ ಎಂದು ನಾನು ಹೇಳಿಲ್ಲ. ತೊಗರಿಬೇಳೆ ಹಾಕಿ ಮಾಡಿ, ತಟ್ಟೆಗೆ ಬಡಿಸಿದ ಮೇಲೆ ಲಿಂಬೆಹಣ್ಣು ಹಿಂಡಿ. ಹಳೆಯ ಕಬ್ಬಿಣದ ಬಾಣಲಿ ಅಟ್ಟದ ಮೇಲಿದ್ದರೆ ಕೆಳಗಿಳಿಸಿ, ಹುಳಿ ಹಾಕಿದ ಪಲ್ಯವನ್ನು ಅದರಲ್ಲೇ ಮಾಡಿ. ಬಾಣಲಿಯ ಕಬ್ಬಿಣವೂ ಒಂದಿಷ್ಟು ಪಲ್ಯಕ್ಕೆ ಇಳಿಯುತ್ತದೆ.

ಪ್ರಶ್ನೆ: ನಾಲ್ಕು ವರ್ಷದ ಮಗ ಬಸಳಿಯ ಕಪ್ಪು ಹಣ್ಣು ಕಿತ್ತು ತಿಂದಿದ್ದಾನೆ. ಬಾಯಿ, ಕೈ ಎಲ್ಲ ನೇರಳೆ ಬಣ್ಣ. ವಿಷವೇ?
– ಗಾಬರಿಯಾದ ತಾಯಿ, ಸಿರವಾರ

ಉತ್ತರ: ವಿಷವಲ್ಲ. ಬಾಯಿ ತೊಳೆಸಿ, ನೀರು ಕುಡಿಸಿ. ಹಣ್ಣಿನ ಬಣ್ಣದಿಂದ ಮೂತ್ರ ಕೆಂಪಾದರೆ ಹೆದರಬೇಡಿ. ಆದರೆ ಇಂಥದ್ದೇನನ್ನೂ ತಿನ್ನದೆ ಮೂತ್ರ ಕೆಂಪಾಗಿ ಹೋದರೆ ಅದೇ ದಿನ ಮೂತ್ರ ಪರೀಕ್ಷೆ ಮಾಡಿಸಿ. ಯಾವ ಬಳ್ಳಿಯ ಹಣ್ಣಾದರೂ ದೊಡ್ಡವರನ್ನು ಕೇಳಿ ತಿನ್ನಬೇಕು ಎಂದು ಈಗಲೇ ಕಲಿಸಿ. ಮುಂದಿನ ಸಲ ಅವನು ಕೀಳುವುದು ಬಸಳಿಯೇ ಆಗಿರುತ್ತದೆ ಎನ್ನಲಾಗದು.

ಪ್ರಶ್ನೆ: ವಯಸ್ಸು 44. ಒಳಗಲ್ಲದಲ್ಲಿ ಒಂದೂವರೆ ತಿಂಗಳಿಂದ ಹುಣ್ಣಾಗಿದೆ. ನೋವು ಅಷ್ಟಿಲ್ಲ. ಉಷ್ಣ ಎಂದು ದಿನಾ ಮುಂಜಾನೆ ಹಸಿ ಬಸಳಿ ಎಲೆ ಅಗಿದು ರಸ ನುಂಗುತ್ತಿದ್ದೇನೆ. ಗುಟ್ಕಾ ತಿನ್ನುವ ಅಭ್ಯಾಸ ಇದೆ, ಈಗ ಕಡಿಮೆ ಮಾಡಿದ್ದೇನೆ. ಬೇರೆ ಯಾವ ಸೊಪ್ಪು ತಿನ್ನಬೇಕು?
– ಹೆಸರು ಬೇಡ, ಮಾನ್ವಿ

ಉತ್ತರ: ಯಾವ ಸೊಪ್ಪೂ ಬೇಡ. ಈ ಪತ್ರಿಕೆ ಕೆಳಗಿಟ್ಟು ನಾಳೆಯೇ ಆಸ್ಪತ್ರೆಗೆ ಹೋಗಿ.

ಉಷ್ಣದ ಹುಣ್ಣು ಎಂದು ನಾವು ಕರೆಯುವ ಸಾಮಾನ್ಯ ಬಾಯಿಹುಣ್ಣು ಉರಿಯುತ್ತದೆ, ಒಂದು ವಾರ, ಹತ್ತು ದಿನದಲ್ಲಿ ತಾನಾಗಿ ಮಾಯುತ್ತದೆ. ಬಸಳಿ ತಿಂದರೂ ಮಾಯುತ್ತದೆ, ತಿನ್ನದಿದ್ದರೂ ಮಾಯುತ್ತದೆ. ಬಾಯಿಹುಣ್ಣಿಗೆ ಮದ್ದು ಎಂಬ ಹೆಸರು ಬಸಳಿಗೆ ಬಂದದ್ದು ಹೀಗೆ. ಮೇಲಿಂದ ಮೇಲೆ ಹುಣ್ಣು ಬರುವವರಿಗೆ ಬಿ ಜೀವಸತ್ವ ಅಥವಾ ಕಬ್ಬಿಣ ಕಡಿಮೆ ಇರಬಹುದು, ಅವರಿಗೆ ಸೊಪ್ಪು, ಕಾಳು, ಮೊಟ್ಟೆ ಉಪಯೋಗಕ್ಕೆ ಬರುತ್ತವೆ. ನಿಮ್ಮದು ಆ ಜಾತಿಯದಲ್ಲ. ಮೂರು ವಾರ ದಾಟಿಯೂ ಮಾಯದ ಹುಣ್ಣು, ಅದೂ ತಂಬಾಕು ಇಡುವ ಬಾಯಲ್ಲಿ, ನೋವಿಲ್ಲದೆ ಇದ್ದರೆ ಕ್ಯಾನ್ಸರ್ ಅಲ್ಲ ಎಂದು ಸಾಬೀತಾಗುವವರೆಗೆ ನಾವು ಸುಮ್ಮನಿರುವುದಿಲ್ಲ. ನೋವಿಲ್ಲ ಎಂಬುದು ಇಲ್ಲಿ ಸಮಾಧಾನದ ಸಂಗತಿಯೂ ಅಲ್ಲ. ಹುಣ್ಣಿನ ಅಂಚಿನಿಂದ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ಅದನ್ನು ಬಯಾಪ್ಸಿ ಎನ್ನುತ್ತೇವೆ. ಚೂರು ತೆಗೆದರೆ ರೋಗ ಹಬ್ಬುತ್ತದೆ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಹಬ್ಬುವುದು ತಡ ಮಾಡಿದ್ದರಿಂದ.

ರಾಯಚೂರಿನ ರಿಮ್ಸ್‌ನಲ್ಲಿ ಕಿವಿ, ಮೂಗು, ಗಂಟಲು ವಿಭಾಗಕ್ಕೆ ಹೋಗಿ. ಮುಂದೆ ಬೇಕಾದರೆ ಕಿದ್ವಾಯಿ ಸಂಸ್ಥೆಯ ಘಟಕ ಕಲಬುರಗಿಯಲ್ಲೇ ಇದೆ, ಬೆಂಗಳೂರಿನವರೆಗೆ ಹೋಗಬೇಕು ಎಂದು ಕೈಚೆಲ್ಲಬೇಡಿ. ಬೇಗ ಹಿಡಿದರೆ ಬಾಯಿಯ ಕ್ಯಾನ್ಸರ್ ಗುಣವಾಗುವ ರೋಗ, ಈ ಮಾತನ್ನು ನಂಬಿ. ಇನ್ನು ಗುಟ್ಕಾ. ಕರ್ನಾಟಕದಲ್ಲಿ ಅದು 2013ರಲ್ಲೇ ನಿಷೇಧವಾಗಿದೆ. ಈಗ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಮಾಡಿ ಮಾರುತ್ತಾರೆ. ಎರಡೂ ಸೇರಿದರೆ ಅದೇ ವಿಷ. ‘ಕಡಿಮೆ ಮಾಡಿದ್ದೇನೆ’ ಎಂಬುದು ಬಿಟ್ಟ ಹಾಗಲ್ಲ. ಓದುತ್ತಿರುವ ಉಳಿದ ಗುಟ್ಕಾ ಪ್ರಿಯರು ಬಾಯಿ ತೆರೆದು ಮೂರು ಬೆರಳನ್ನು ಅಡ್ಡ ಅಲ್ಲ, ಒಂದರ ಮೇಲೊಂದು ನಿಲ್ಲಿಸಿ ಹಲ್ಲಿನ ನಡುವೆ ತೂರಿಸಿ ನೋಡಿ. ಹೋಗದಿದ್ದರೆ ನೀವೂ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ಹೆರಿಗೆಯಾಗಿ ಇಪ್ಪತ್ತು ದಿನ. ತವರಲ್ಲಿದ್ದೇನೆ. ಬಸಳಿ ತಂಪು, ತಿಂದರೆ ಹಾಲಿನ ಮೂಲಕ ಕೂಸಿಗೆ ನೆಗಡಿ ಆಗ್ತದ ಅಂತ ಅಜ್ಜಿ ಬರೀ ಅನ್ನ, ಬೆಳ್ಳುಳ್ಳಿ ಖಾರ, ತುಪ್ಪ ಕೊಡುತ್ತಾರೆ. ನೀರೂ ಅಳತೆ ಮಾಡಿ ಕೊಡುತ್ತಾರೆ. ಸಂಡಾಸು ಗಟ್ಟಿಯಾಗಿ ರಕ್ತ ಬರುತ್ತಿದೆ.
– ಬಾಣಂತಿ, ಕವಿತಾಳ

ಉತ್ತರ: ಈ ಉತ್ತರವನ್ನು ಅಜ್ಜಿಗೆ ಓದಿ ಹೇಳು ತಂಗಿ. ಅಜ್ಜೀ, ನೆಗಡಿ ಬರುವುದು ವೈರಾಣುವಿನಿಂದ. ಕೂಸನ್ನು ನೋಡಲು ಬಂದು, ಮೂಗು ಸೋರಿಸುತ್ತಾ ಮುದ್ದು ಮಾಡುವ ನೆಂಟರಿಂದ ಅದು ಬರುತ್ತದೆ. ತಾಯಿ ತಿಂದ ಸೊಪ್ಪಿನಿಂದ ಬರುವುದಿಲ್ಲ. ನಿಮ್ಮ ತುಪ್ಪ, ಬೆಳ್ಳುಳ್ಳಿ, ಬಿಸಿ ಊಟಕ್ಕೆ ನನ್ನ ತಕರಾರಿಲ್ಲ. ಅದರ ಜೊತೆ ಸೊಪ್ಪು, ಬೇಳೆ, ಮನೆಯಲ್ಲಿ ನಡೆಯುವುದಾದರೆ ಮೊಟ್ಟೆ, ಮತ್ತು ಕೇಳಿದಷ್ಟು ನೀರು ಕೊಡಿ. ಹಾಲಿನಲ್ಲಿ ಬಹುಪಾಲು ನೀರೇ. ರಕ್ತ ಬರುತ್ತಿರುವುದು ಮಲ ಗಟ್ಟಿಯಾಗಿ ಚರ್ಮ ಹರಿದು ಇರಬಹುದು. ಆದರೂ ಒಮ್ಮೆ ತೋರಿಸಿ, ರಕ್ತ ಪರೀಕ್ಷೆಯನ್ನೂ ಮಾಡಿಸಿ. ಕಬ್ಬಿಣದ ಗುಳಿಗೆ ಹೆರಿಗೆಯ ನಂತರವೂ 180 ದಿನ ನುಂಗಬೇಕು. ಇದನ್ನು ಎಷ್ಟೋ ಮನೆಗಳು ಮರೆಯುತ್ತವೆ.

ಪ್ರಶ್ನೆ: ಮೂತ್ರಪಿಂಡದಲ್ಲಿ 6 ಮಿ.ಮೀ. ಹರಳು ಇದೆ. ಬಸಳಿ, ಟೊಮೆಟೊ, ಹಾಲು, ಮೊಸರು ಎಲ್ಲ ಬಿಟ್ಟಿದ್ದೇನೆ. ಜೋಳದ ರೊಟ್ಟಿಗೆ ಉಪ್ಪಿನಕಾಯಿ ಹಚ್ಚಿಕೊಂಡು ತಿನ್ನುತ್ತಿದ್ದೇನೆ. ಸರಿಯೇ?
– ರೈತ, ದೇವದುರ್ಗ

ಉತ್ತರ: ಬಿಡಬಾರದ್ದನ್ನು ಬಿಟ್ಟು ತಿನ್ನಬಾರದ್ದನ್ನು ಹಿಡಿದಿದ್ದೀರಿ. ಹರಳು ಬೆಳೆಯಲು ಉಪ್ಪು ಬಹಳ ಸಹಾಯ ಮಾಡುತ್ತದೆ, ಉಪ್ಪಿನಕಾಯಿ ಮೊದಲು ಕಡಿಮೆಯಾಗಲಿ. ಮೊಸರು, ಮಜ್ಜಿಗೆ ಬಿಡಬೇಡಿ. ಹೆಚ್ಚಿನ ಹರಳುಗಳು ಕ್ಯಾಲ್ಸಿಯಂ ಆಕ್ಸಲೇಟ್ ಎಂಬುದು ನಿಜ, ಬಸಳಿಯಲ್ಲಿ ಆಕ್ಸಲೇಟ್ ಇರುವುದೂ ನಿಜ. ಆದರೆ ಮೊಸರಿನ ಕ್ಯಾಲ್ಸಿಯಂ ಆ ಆಕ್ಸಲೇಟನ್ನು ಹೊಟ್ಟೆಯಲ್ಲೇ ಹಿಡಿದು ಮಲದ ಜೊತೆ ಹೊರಗೆ ಕಳಿಸುತ್ತದೆ, ಮೂತ್ರಕ್ಕೆ ಹೋಗಲು ಬಿಡುವುದಿಲ್ಲ. ಹರಳು ಇರುವವರು ಬಸಳಿಯನ್ನು ಅಪರೂಪಕ್ಕೆ, ಕುದಿಸಿದ ನೀರು ಚೆಲ್ಲಿ, ಮಜ್ಜಿಗೆಯ ಜೊತೆ ತಿನ್ನಬಹುದು. ಹಸಿ ಸೊಪ್ಪಿನ ರಸ ಮಾತ್ರ ಮುಟ್ಟಬಾರದು. ಅದು ಆಕ್ಸಲೇಟನ್ನು ಲೋಟಗಟ್ಟಲೆ ಕುಡಿದ ಹಾಗೆ.

ನಿಜವಾದ ಮದ್ದು ನೀರು. ನಮ್ಮ ಜಿಲ್ಲೆಯ ಬಿಸಿಲಲ್ಲಿ ಹೊಲದ ಕೆಲಸ ಮಾಡುವವರು ಮೂತ್ರ ತಿಳಿಯಾಗಿ ಹೋಗುವಷ್ಟು ಕುಡಿಯಬೇಕು. ಮೂರು ಲೀಟರಿಗೆ ಕಡಿಮೆಯಂತೂ ಬೇಡ. ಕುಡಿಯುವುದು ಕೊಳವೆಬಾವಿಯ ನೀರಾದರೆ ಅದನ್ನೂ ಪರೀಕ್ಷೆ ಮಾಡಿಸಿ. ನಮ್ಮ ಕಡೆ ಫ್ಲೋರೈಡ್ ಕಾಟ ಹಳೆಯದು, ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಬೇರೆ ನೀರು ನೋಡಬೇಕು. ಮೂತ್ರ ಪರೀಕ್ಷೆ, ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ, ಕೆಲವು ವಾರಗಳ ನಂತರ ಮತ್ತೊಂದು ಸ್ಕ್ಯಾನ್ ಮಾಡಿಸಿ. ಹರಳು ಬಿದ್ದರೆ ಎಸೆಯದೆ ತಂದುಕೊಡಿ, ಯಾವ ಜಾತಿಯದು ಎಂದು ತಿಳಿಯುತ್ತದೆ. ಬೆನ್ನುನೋವಿನ ಜೊತೆ ಚಳಿಜ್ವರ ಬಂದರೆ ಬೆಳಗಾಗುವವರೆಗೂ ಕಾಯಬೇಡಿ.

ಪ್ರಶ್ನೆ: ಬಸಳಿ ಬಳ್ಳಿಯನ್ನು ಬಚ್ಚಲ ನೀರು ಹರಿಯುವ ಕಡೆ ಹಚ್ಚಿದ್ದೇವೆ. ತಿನ್ನಬಹುದೇ? ಬೇಯಿಸುವಾಗ ಹಸಿರು ಉಳಿಯಲೆಂದು ಚಿಟಿಕೆ ಸೋಡಾ ಹಾಕುತ್ತೇನೆ. ಲೋಳೆ ಹೋಗಲು ಏನು ಮಾಡಬೇಕು?
– ಗೃಹಿಣಿ, ಬಾಗಲವಾಡ

ಉತ್ತರ: ಪಾತ್ರೆ, ಸ್ನಾನದ ನೀರಾದರೆ ತಿನ್ನಬಹುದು. ಸಂಡಾಸಿನ ನೀರು ಸೇರುತ್ತಿದ್ದರೆ ಬಳ್ಳಿಯನ್ನು ಬೇರೆ ಕಡೆಗೆ ಎಬ್ಬಿಸಿ. ಕಾಂಡದ ತುಂಡು ನೆಟ್ಟರೂ ಚಿಗುರುತ್ತದೆ. ಹೆಚ್ಚುವ ಮೊದಲು ಮೂರು ಸಲ ತೊಳೆಯಿರಿ, ಹೆಚ್ಚಿದ ಮೇಲೆ ತೊಳೆದರೆ ಸತ್ವ ನೀರು ಪಾಲು. ಸೋಡಾ ಖಂಡಿತ ಬೇಡ, ಬಣ್ಣ ಉಳಿಸಿ ಸಿ ಜೀವಸತ್ವವನ್ನು ಕೊಲ್ಲುತ್ತದೆ. ಲೋಳೆಗೆ ಹೆದರಬೇಡಿ, ಅದು ನಾರಿನಂಶವೇ, ಮಲಬದ್ಧತೆಗೆ ಒಳ್ಳೆಯದು. ಮಕ್ಕಳು ಒಲ್ಲೆ ಎಂದರೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ಒಗ್ಗರಣೆಗೆ ಸೊಪ್ಪು ಹಾಕಿ, ಮುಚ್ಚಳ ಮುಚ್ಚದೆ ದೊಡ್ಡ ಉರಿಯಲ್ಲಿ ಬಾಡಿಸಿ, ಆಮೇಲೆ ಹುಣಸಿ ರಸ, ಕೊನೆಗೆ ಒಂದು ಹಿಡಿ ಕಡಲಿಹಿಟ್ಟು ಉದುರಿಸಿ. ಎಣ್ಣೆ ಒಂದು ಚಮಚವಾದರೂ ಇರಲಿ. ಸೊಪ್ಪಿನ ಎ ಜೀವಸತ್ವ ಎಣ್ಣೆಯ ಜೊತೆಗೇ ಮೈಗೆ ಹತ್ತುವುದು.

ಪ್ರಶ್ನೆ: ಹೃದಯದ ಕವಾಟ ಬದಲಿಸಿದ್ದಾರೆ. ರಕ್ತ ತೆಳುವಾಗುವ ವಾರ್ಫರಿನ್ ಗುಳಿಗೆ ನುಂಗುತ್ತೇನೆ. ಸೊಪ್ಪು ಮುಟ್ಟಬೇಡ ಎನ್ನುತ್ತಾರೆ.
– ಓದುಗ, ರಾಯಚೂರು

ಉತ್ತರ: ಪೂರ್ತಿ ಬಿಡಬೇಕಿಲ್ಲ, ಏರುಪೇರು ಮಾಡಬಾರದು. ಸೊಪ್ಪಿನಲ್ಲಿರುವ ಕೆ ಜೀವಸತ್ವ ನಿಮ್ಮ ಗುಳಿಗೆಯ ಎದುರು ಕೆಲಸ ಮಾಡುತ್ತದೆ. ಒಂದು ವಾರ ದಿನಾ ಬಸಳಿ ತಿಂದು, ಮುಂದಿನ ವಾರ ಒಮ್ಮೆಯೂ ತಿನ್ನದಿದ್ದರೆ ಗುಳಿಗೆಯ ಲೆಕ್ಕ ತಪ್ಪುತ್ತದೆ. ವಾರಕ್ಕೆ ಎರಡು ಸಲ ಎಂದರೆ ಪ್ರತಿ ವಾರವೂ ಎರಡೇ ಸಲ, ಅಷ್ಟೇ ಪ್ರಮಾಣ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ನೋಡುವ ಪಿಟಿ-ಐಎನ್‌ಆರ್ ಪರೀಕ್ಷೆಯನ್ನು ವೈದ್ಯರು ಹೇಳಿದ ದಿನಕ್ಕೆ ಮಾಡಿಸಿ, ‘ಆರಾಮ ಇದ್ದೇನೆ’ ಎಂದು ಮುಂದೂಡಬೇಡಿ. ಮೊಣಕಾಲು ನೋವಿಗೆ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಬೇಡಿ, ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವವಾಗಬಹುದು. ವಸಡಿನಲ್ಲಿ ರಕ್ತ, ಡಾಂಬರಿನಂಥ ಕಪ್ಪು ಮಲ, ಪೆಟ್ಟಿಲ್ಲದೆ ಮೈಮೇಲೆ ನೀಲಿ ಕಲೆ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಗುಳಿಗೆಯ ಚೀಟಿಯನ್ನು ಜೊತೆಗೆ ಒಯ್ಯಿರಿ.