ಸುಟ್ಟ ಹುರುಳಿ, ಗೆರೆ ಬಿದ್ದ ಹಲ್ಲು: ಹಳಬರ ಊಟ ನಮಗೆ ಹೇಗೆ ಗೊತ್ತಾಗುತ್ತೆ?

'ನಮ್ಮ ಹಿರಿಯರು ಸಾವಿರಾರು ವರ್ಷದಿಂದ ರಾಗಿ ಮುದ್ದೆ ತಿಂದು, ಗಟ್ಟಿಮುಟ್ಟಾಗಿ ನೂರು ವರ್ಷ ಬದುಕ್ತಿದ್ರು.' ಈ ಥರದ ಮೆಸೇಜ್ ನಮ್ಮೆಲ್ಲರ ಫ್ಯಾಮಿಲಿ ಗ್ರೂಪ್‌ಗೆ ಆಗಾಗ ಬರುತ್ತೆ. ಹಾಸ್ಟೆಲ್ ಮೆಸ್ಸಿನ ಅನ್ನ ಸಾರು ತಿಂದು ಬೇಜಾರಾಗಿರೋ ನಮಗೆ ಅದು ನಿಜವೇ ಇರಬೇಕು ಅಂತಲೂ ಅನ್ಸುತ್ತೆ. ಆದರೆ ಗಮನಿಸಿ, ಆ ಒಂದು ವಾಕ್ಯದಲ್ಲಿ ಎರಡು ಬೇರೆ ಮಾತುಗಳಿವೆ. ಒಂದು, ಅವರು ಏನು ತಿಂದರು. ಇನ್ನೊಂದು, ಅವರ ಆರೋಗ್ಯ ಹೇಗಿತ್ತು. ಮೊದಲನೆಯದು ಸರಿ ಅಂತ ಗೊತ್ತಾದ ಮಾತ್ರಕ್ಕೆ ಎರಡನೆಯದೂ ಸರಿ ಆಗಲ್ಲ. ಪುರಾತತ್ವ ಶಾಸ್ತ್ರದಲ್ಲಿ ಇವೆರಡಕ್ಕೂ ಬೇರೆ ಬೇರೆ ಸಾಕ್ಷಿ ಹುಡುಕುತ್ತಾರೆ. ಅದು ಹೇಗೆ ಅಂತ ನೋಡೋಣ.

ನೀರಿನಲ್ಲಿ ತೇಲುವ ಸಾಕ್ಷಿ

ಬಳ್ಳಾರಿ ಹತ್ತಿರದ ಸಂಗನಕಲ್ಲಿನ ಬೆಟ್ಟಗಳಲ್ಲಿ ಸುಮಾರು ನಾಲ್ಕು ಸಾವಿರ ವರ್ಷದ ಹಿಂದೆಯೇ ಜನ ವಾಸವಾಗಿದ್ದರು. ನವಶಿಲಾಯುಗದ ಜನ. ಕಲ್ಲಿನ ಕೊಡಲಿ ಮಾಡುತ್ತಿದ್ದರು, ದನ ಸಾಕುತ್ತಿದ್ದರು. ಆ ಸೀಮೆಯಲ್ಲಿ ಕಾಣುವ ಬೂದಿ ದಿಬ್ಬಗಳು ರಾಶಿ ರಾಶಿ ಸಗಣಿ ಸುಟ್ಟು ಆದವು.

ಇಂಥ ಜಾಗದ ಮಣ್ಣನ್ನು ನೀರಿಗೆ ಹಾಕಿ ಕಲಕುತ್ತಾರೆ. ಮಣ್ಣು ಕೆಳಗೆ ಕೂರುತ್ತೆ, ಸುಟ್ಟು ಇದ್ದಿಲಾದ ಕಾಳುಗಳು ತೇಲುತ್ತವೆ. ಬರೀ ಸಾಂದ್ರತೆಯ ಆಟ, ಪಿಯುಸಿಯಲ್ಲಿ ಓದಿದ್ದೇ! ತೇಲಿದ್ದನ್ನು ಸಣ್ಣ ಜಾಲರಿಯಲ್ಲಿ ಸೋಸಿ, ಒಣಗಿಸಿ, ಮೈಕ್ರೋಸ್ಕೋಪ್ ಕೆಳಗಿಟ್ಟು ಯಾವ ಕಾಳು ಅಂತ ಗುರುತಿಸುತ್ತಾರೆ. ಹಸಿ ಕಾಳನ್ನು ಹುಳು, ಬೂಷ್ಟು ತಿಂದು ಮುಗಿಸುತ್ತವೆ. ಇದ್ದಿಲಾದ ಕಾಳನ್ನು ಸೂಕ್ಷ್ಮಜೀವಿಗಳು ಮುಟ್ಟಲ್ಲ. ಅಂದ್ರೆ, ಅವತ್ತು ಯಾರದೋ ಒಲೆಯಲ್ಲಿ ಸೀದುಹೋದ ಕಾಳು ಇವತ್ತು ನಮಗೆ ಡೇಟಾ.

ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್ ಮತ್ತು ಅವರ ಜೊತೆಗಾರರು ದಕ್ಷಿಣ ಭಾರತದ ನವಶಿಲಾಯುಗದ ನೆಲೆಗಳಲ್ಲಿ ಹೀಗೆ ಹುಡುಕಿದಾಗ ಮತ್ತೆ ಮತ್ತೆ ಸಿಕ್ಕಿದ್ದು ಹುರುಳಿ, ಹೆಸರು ಕಾಳು, ಕೊರಲೆ ಮತ್ತು ನವಣೆಯ ಜಾತಿಗೆ ಸೇರಿದ ಒಂದು ಹುಲ್ಲಿನ ಕಾಳು. ರಾಗಿಯ ಮೂಲ ಪೂರ್ವ ಆಫ್ರಿಕಾ. ಜೋಳವೂ ಆಫ್ರಿಕಾದಿಂದಲೇ ಬಂದಿದ್ದು. ನಮ್ಮ ಸಾರಿಗೆ ಖಾರ ಕೊಡುವ ಮೆಣಸಿನಕಾಯಿ ಅಮೆರಿಕದ್ದು, ಪೋರ್ಚುಗೀಸರು ಇಲ್ಲಿಗೆ ಬಂದ ಮೇಲೆ ಬಂದಿದ್ದು. ಹುರುಳಿ ಸಾರಿಗೆ ಮಾತ್ರ ನಿಜವಾಗಲೂ ಅಷ್ಟು ಹಳೇ ಬೇರು ಇದೆ.

ಈ ವಿಧಾನಕ್ಕೆ ಒಂದು ಮಿತಿಯೂ ಇದೆ. ಬೆಂಕಿಗೆ ಬಿದ್ದದ್ದು ಮಾತ್ರ ಉಳಿಯುತ್ತೆ. ಸೊಪ್ಪು, ಹಣ್ಣಿನ ತಿರುಳು, ಹಾಲು ಈ ಲೆಕ್ಕದಲ್ಲಿ ಕಾಣೋದೇ ಇಲ್ಲ.

ಹಲ್ಲಿನಲ್ಲಿರುವ ಕಾರ್ಬನ್

ಕಾಳು ಸಿಕ್ಕಿತು ಅಂದ್ರೆ ಊರಲ್ಲಿ ಆ ಕಾಳು ಇತ್ತು ಅಂತ ಗೊತ್ತಾಗುತ್ತೆ. ಯಾರು ಎಷ್ಟು ತಿಂದರು ಅಂತ ಗೊತ್ತಾಗಲ್ಲ. ಅದಕ್ಕೆ ದೇಹವನ್ನೇ ಕೇಳಬೇಕು.

ಗಾಳಿಯಲ್ಲಿರುವ ಕಾರ್ಬನ್‌ನಲ್ಲಿ ಹೆಚ್ಚಿನದು ಕಾರ್ಬನ್-12, ಸ್ವಲ್ಪ ಮಾತ್ರ ಕಾರ್ಬನ್-13. ಭತ್ತ, ಗೋಧಿ, ಹುರುಳಿ ಇವು ಸಿ3 ಗಿಡಗಳು. ರಾಗಿ, ಜೋಳ, ಕೊರಲೆ ಇವು ಸಿ4. ದ್ಯುತಿಸಂಶ್ಲೇಷಣೆಯ ದಾರಿ ಬೇರೆ ಇರೋದರಿಂದ ಸಿ3 ಗಿಡಗಳಲ್ಲಿ ಕಾರ್ಬನ್-13 ಇನ್ನೂ ಕಡಿಮೆ ಇರುತ್ತೆ. ಅಳತೆಯ ಸ್ಕೇಲ್‌ನಲ್ಲಿ ಸಿ3 ಗಿಡಗಳು ಮೈನಸ್ 26ರ ಆಸುಪಾಸು, ಸಿ4 ಗಿಡಗಳು ಮೈನಸ್ 12ರ ಆಸುಪಾಸು ಬರುತ್ತವೆ. ನಾವು ತಿಂದದ್ದೇ ನಮ್ಮ ಮೂಳೆ, ಹಲ್ಲು ಆಗೋದರಿಂದ ಈ ವ್ಯತ್ಯಾಸ ಅಲ್ಲೂ ಉಳಿಯುತ್ತೆ. ನಮ್ಮಂಥ ಬಿಸಿ ಪ್ರದೇಶದಲ್ಲಿ ಮೂಳೆಯ ಕೊಲಾಜೆನ್ ಬೇಗ ಹಾಳಾಗುತ್ತೆ, ಹಲ್ಲಿನ ಎನಾಮಲ್ ಹೆಚ್ಚು ಕಾಲ ಬಾಳುತ್ತೆ.

ಇಲ್ಲೂ ಹುಷಾರಾಗಿರಬೇಕು. ಹಲ್ಲಿನಲ್ಲಿ ಸಿ4 ಗುರುತು ಸಿಕ್ಕರೆ ಅದು ರಾಗಿಯೋ ಕೊರಲೆಯೋ ಹೇಳೋಕಾಗಲ್ಲ. ದನ ಸಿ4 ಹುಲ್ಲು ಮೇಯ್ದು, ಜನ ಅದರ ಹಾಲು ಕುಡಿದಿದ್ದರೂ ಅದೇ ಗುರುತು ಬರುತ್ತೆ. ಅದಕ್ಕೇ ಕಾಳಿನ ಸಾಕ್ಷಿ, ಹಲ್ಲಿನ ಸಾಕ್ಷಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಹಾಗಾದ್ರೆ ಆರೋಗ್ಯ?

ಈಗ ಎರಡನೇ ಪ್ರಶ್ನೆ. ಮಗು ಬೆಳೆಯುವಾಗ ಜೋರು ಕಾಯಿಲೆ ಬಂದರೆ, ಊಟಕ್ಕೆ ಕಷ್ಟ ಆದರೆ, ಎನಾಮಲ್ ಬೆಳೆಯೋದು ಸ್ವಲ್ಪ ಕಾಲ ಕುಂಠಿತವಾಗುತ್ತೆ. ಹಲ್ಲಿನ ಮೇಲೆ ಅಡ್ಡ ಗೆರೆ ಬೀಳುತ್ತೆ. ಎನಾಮಲ್ ಮತ್ತೆ ಬೆಳೆಯಲ್ಲ, ಹಾಗಾಗಿ ಗೆರೆ ಅಳಿಸಿಹೋಗಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಹಲ್ಲು ಬಾಲ್ಯದ ಲಾಗ್ ಫೈಲ್.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದಾಗ, ಕಲ್ಲಿನ ಕೊಡಲಿಯ ಕಾಲದ ಜನ ಎಳೆ ಮಕ್ಕಳನ್ನು ಮಡಕೆಯಲ್ಲಿಟ್ಟು ಮನೆಗಳಿರುವ ಜಾಗದಲ್ಲೇ ಹೂಳಿದ್ದು ಕಂಡುಬಂತು. ಹುರುಳಿ, ಸಿರಿಧಾನ್ಯ, ಹಾಲಿನ ಕಾಲದಲ್ಲೂ ಮಕ್ಕಳು ಸಾಯುತ್ತಿದ್ದರು. ಅಷ್ಟೆಲ್ಲ ದಾಟಿ ಮುಪ್ಪಿನವರೆಗೆ ಬದುಕಿದ ಕೆಲವರೂ ಇದ್ದಿರಬಹುದು. ಆದರೆ ಬದುಕಿದವರನ್ನು ಮಾತ್ರ ಎಣಿಸಿ 'ಆಗ ಎಲ್ಲರೂ ಗಟ್ಟಿ' ಅಂದರೆ ಸ್ಯಾಂಪಲ್ ತಪ್ಪಾಗುತ್ತೆ, ಅಲ್ವಾ?

ಹೃದಯದ ವಿಷಯವೂ ಹೀಗೇ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈಜಿಪ್ಟ್, ಪೆರು, ಅಮೆರಿಕದ ನೈಋತ್ಯ ಭಾಗ ಮತ್ತು ಅಲ್ಯೂಷಿಯನ್ ದ್ವೀಪಗಳ 137 ಮಮ್ಮಿಗಳನ್ನು ಸಿಟಿ ಸ್ಕ್ಯಾನ್ ಮಾಡಿದರು. 47 ಮಮ್ಮಿಗಳಲ್ಲಿ ರಕ್ತನಾಳ ಗಟ್ಟಿಯಾದ ಲಕ್ಷಣ ಸಿಕ್ಕಿತು. ಅವರಲ್ಲಿ ಬೇಸಾಯ ಮಾಡಿದವರೂ ಇದ್ದರು, ಬೇಟೆ, ಮೀನಿನ ಮೇಲೆ ಬದುಕಿದವರೂ ಇದ್ದರು. ಪಿಜ್ಜಾ, ಕೋಲಾ ಯಾರಿಗೂ ಗೊತ್ತಿರಲಿಲ್ಲ.

ಇದನ್ನೆಲ್ಲ ಓದಿ ರಾಗಿ ಬೇಡ, ಸಿರಿಧಾನ್ಯ ಸುಳ್ಳು ಅಂತ ತಿಳ್ಕೋಬೇಡಿ. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ. ಅದನ್ನು ಇವತ್ತಿನ ಲ್ಯಾಬ್‌ನಲ್ಲಿ ಅಳೆದು ಹೇಳಬಹುದು, ಹಿರಿಯರ ವಯಸ್ಸನ್ನು ಸಾಕ್ಷಿಗೆ ಕರೆಯೋ ಅಗತ್ಯ ಇಲ್ಲ. ನಾವು ಕಾಳಜಿ ಪಡಬೇಕಾದ ವಿಷಯ ಬೇರೆ ಇದೆ. 'ಹಿರಿಯರು ಇದನ್ನೇ ತಿಂದು ಗಟ್ಟಿಯಾಗಿದ್ರು' ಅನ್ನೋ ಮಾತನ್ನು ನಂಬಿ ಮನೆಯಲ್ಲಿ ಯಾರಾದರೂ ಶುಗರ್ ಮಾತ್ರೆ ಬಿಟ್ಟರೆ ಕಷ್ಟ ಆಗೋದು ಅವರಿಗೇ. ಹಾಗಾಗಿ ಮುಂದಿನ ಸಲ ಅಂಥ ಮೆಸೇಜ್ ಬಂದಾಗ ಜಗಳ ಮಾಡೋದು ಬೇಡ. ಇದು ಕಾಳು ಹೇಳಿದ್ದಾ, ಹಲ್ಲು ಹೇಳಿದ್ದಾ ಅಂತ ಕೇಳಿ. ಆಮೇಲೆ ಅಜ್ಜಿ ಮಾಡಿದ ಹುರುಳಿ ಸಾರನ್ನು ಅವರ ಜೊತೆಗೇ ಕೂತು ಉಣ್ಣಿ. ಮಾತ್ರೆ ತಗೊಂಡ್ರಾ ಅಂತಲೂ ವಿಚಾರಿಸಿ.